ಗ್ಯಾರೇಜ್ ಮಾತು: ದೂರದ ಲಾರಿ, ಬೆಳಗಿನ ಹದಿನೈದು ನಿಮಿಷ

ಬಂಡಿಪಾಳ್ಯದ ಎಪಿಎಂಸಿ ಮಾರ್ಕೆಟ್‌ನಿಂದ ನಂಜನಗೂಡು ರಸ್ತೆ ಕಡೆ ಬಂದರೆ ನನ್ನ ಗ್ಯಾರೇಜ್ ಸಿಗುತ್ತದೆ. 38 ವರ್ಷದಿಂದ ಲಾರಿ ರಿಪೇರಿಯೇ ನನ್ನ ಕೆಲಸ. ದಸರಾ ಹತ್ತಿರ ಬಂತು, ಲೋಡ್ ಜಾಸ್ತಿ ಆಗುವ ಕಾಲ. ಅದಕ್ಕೇ ಇರಬೇಕು, ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ದೂರದ ಟ್ರಿಪ್ ಹೊಡೆಯುವ ಲಾರಿಗಳ ಬಗ್ಗೆಯೇ ಇವೆ. ಎಂಟನ್ನು ಆರಿಸಿಕೊಂಡಿದ್ದೇನೆ. ಬ್ರೇಕಿನ ಉತ್ತರ ಸ್ವಲ್ಪ ಉದ್ದ ಆಗಿದೆ. ಆ ವಿಷಯ ಚಿಕ್ಕದಾಗಿ ಬರೆಯಲು ನನಗೆ ಮನಸ್ಸು ಬರುವುದಿಲ್ಲ.

ಪ್ರಶ್ನೆ: ಅಣ್ಣಾ, ನನಗೆ 23 ವರ್ಷ. 12 ಚಕ್ರದ ಲಾರಿ ಓಡಿಸುತ್ತೇನೆ, ಮೈಸೂರು–ಪುಣೆ–ಮುಂಬೈ ಲೈನ್. ದಿನಾ ಬೆಳಿಗ್ಗೆ ಗಾಡಿ ಚೆಕ್ ಮಾಡಬೇಕು ಅಂತ ಎಲ್ಲರೂ ಹೇಳುತ್ತಾರೆ. ಏನೇನು ನೋಡಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ. ಸ್ವಲ್ಪ ಹೊತ್ತು ನಿಂತರೆ ಓನರ್ ಜಿಪಿಎಸ್ ನೋಡಿ ಫೋನ್ ಮಾಡುತ್ತಾರೆ. ಏನು ಮಾಡಲಿ?
ಒಬ್ಬ ಡ್ರೈವರ್, ಮಳವಳ್ಳಿ

ತಮ್ಮಾ, ಕೇಳಬೇಕು ಅಂತ ನಿನಗೆ ಅನ್ನಿಸಿತಲ್ಲ, ಅದೇ ನನಗೆ ಖುಷಿ. ಹದಿನೈದು ನಿಮಿಷ ಸಾಕು. ನಮ್ಮ ಗ್ಯಾರೇಜಿನ ಹುಡುಗರಿಗೆ ಹೇಳಿಕೊಡುವ ಹಾಗೆಯೇ ಹೇಳುತ್ತೇನೆ.

ಸ್ಟಾರ್ಟ್ ಮಾಡುವ ಮೊದಲು ಬಗ್ಗಿ ಗಾಡಿ ಕೆಳಗೆ ನೋಡು. ರಾತ್ರಿ ನಿಂತ ಜಾಗದಲ್ಲಿ ಏನಾದರೂ ತೊಟ್ಟಿಕ್ಕಿದೆಯಾ? ಎಂಜಿನ್ ಕೆಳಗೆ ಕಪ್ಪಗಿದ್ದರೆ ಎಂಜಿನ್ ಆಯಿಲ್. ಹಸಿರೋ ಗುಲಾಬಿಯೋ ಬಣ್ಣದ ನೀರಿದ್ದರೆ ಕೂಲೆಂಟ್. ಹಿಂದಿನ ಆಕ್ಸಲ್ ಹೌಸಿಂಗ್ ಕೆಳಗೆ ದಪ್ಪಗಿದ್ದು, ಗಂಧಕದಂಥ ವಾಸನೆ ಬಂದರೆ ಕ್ರೌನ್ ಆಯಿಲ್, ಅಂದರೆ ಹಿಂದಿನ ಗೇರಿನ ಎಣ್ಣೆ. ಚಕ್ರದ ಒಳಮೈಯಲ್ಲಿ ಎಣ್ಣೆ ಇಳಿದಿದ್ದರೆ ಚಕ್ರದ ನಡುಭಾಗದ ಹಬ್ಬಿನ ಸೀಲ್ ಹೋಗಿದೆ, ಆ ಎಣ್ಣೆ ಡ್ರಮ್ಮಿಗೆ ಒತ್ತಿ ಗಾಡಿ ನಿಲ್ಲಿಸುವ ಬ್ರೇಕ್ ಲೈನರ್‌ಗೂ ಹತ್ತಿರುತ್ತದೆ. ಅಂಥ ಗಾಡಿಯನ್ನು ಸರಿ ಮಾಡಿಸದೆ ಘಾಟ್ ಇಳಿಸಬೇಡ.

ಮುಂದೆ ಬಾ. ಗಾಡಿ ಸಮ ಜಾಗದಲ್ಲಿದ್ದರೆ ಮಾತ್ರ ಡಿಪ್‌ಸ್ಟಿಕ್ ಸರಿಯಾಗಿ ಹೇಳುತ್ತದೆ. ಒಂದು ಸಲ ಒರೆಸಿ, ಮತ್ತೆ ಹಾಕಿ ತೆಗೆ. ಕೂಲೆಂಟ್ ಮಟ್ಟವನ್ನು ಪ್ಲಾಸ್ಟಿಕ್ ಡಬ್ಬದಲ್ಲಿ ಹೊರಗಿನಿಂದಲೇ ನೋಡು. ಫ್ಯಾನ್ ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿ ನೋಡು, ಒಳಬದಿಯಲ್ಲಿ ಸೀಳು ಬಿಟ್ಟಿದೆಯಾ ಅಂತಲೂ ನೋಡು. ಡೀಸೆಲ್ ಫಿಲ್ಟರ್ ಕೆಳಗೆ ನೀರು ತಡೆಯುವ ಬಟ್ಟಲು ಇರುತ್ತದೆ. ಅದರ ತಿರುಪು ಸಡಿಲಿಸಿ, ಒಂದು ಬಾಟಲಿಗೆ ಹಿಡಿ. ಬರೀ ಡೀಸೆಲ್ ಬರುವ ತನಕ ಬಿಡು. ಈಗಿನ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಡೀಸೆಲ್ 1,600 ಬಾರ್‌ಗಿಂತ ಜಾಸ್ತಿ ಒತ್ತಡದಲ್ಲಿ ಇಂಜೆಕ್ಟರ್‌ಗೆ ಹೋಗುತ್ತದೆ. ಒಂದು ಲೋಟ ನೀರು ಸಾಕು, ಆರೂ ಇಂಜೆಕ್ಟರ್ ಕೆಡುತ್ತವೆ.

ಈಗ ಗಾಡಿ ಸುತ್ತ ಒಂದು ಪ್ರದಕ್ಷಿಣೆ. ಕೈಯಲ್ಲಿ ಕಬ್ಬಿಣದ ರಾಡ್ ಇರಲಿ. ಪ್ರತಿ ಟೈರಿಗೂ ಒಂದು ಏಟು. ಗಾಳಿ ಇದ್ದರೆ ರಾಡ್ ಪುಟಿದು ಬರುತ್ತದೆ, ಇಲ್ಲದಿದ್ದರೆ ದಬ್ ಅಂತ ಸತ್ತ ಸದ್ದು. ಇದು ಪೂರ್ತಿ ಗಾಳಿ ಹೋದ ಟೈರ್ ಹುಡುಕುವುದಕ್ಕೆ ಮಾತ್ರ. ವಾರಕ್ಕೊಮ್ಮೆ ಗೇಜ್ ಹಾಕಲೇಬೇಕು. ಜೋಡಿ ಟೈರ್ ಮಧ್ಯೆ ಕಲ್ಲು ಸಿಕ್ಕಿದೆಯಾ ನೋಡು. ವೀಲ್ ನಟ್ ಸುತ್ತ ತುಕ್ಕಿನ ಬಣ್ಣದ ಗೆರೆ ಹೊರಗೆ ಇಳಿದಿದ್ದರೆ ಆ ನಟ್ ಅಲುಗಾಡುತ್ತಿದೆ ಅಂತ ಅರ್ಥ. ಟೈರ್ ಬದಲಿಸಿದ ದಿನ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ನಿಲ್ಲಿಸಿ ಎಲ್ಲ ನಟ್ ಮತ್ತೆ ಬಿಗಿ ಮಾಡು. ಇದನ್ನು ಬಿಟ್ಟು ಚಕ್ರ ಕಳಚಿಕೊಂಡ ಗಾಡಿಗಳನ್ನು ನಾನು ನೋಡಿದ್ದೇನೆ. ಸ್ಪ್ರಿಂಗ್ ಪಟ್ಟಿಗಳಲ್ಲಿ ಒಂದು ಪಕ್ಕಕ್ಕೆ ಸರಿದಿದ್ದರೆ ಸೆಂಟರ್ ಬೋಲ್ಟ್ ತುಂಡಾಗಿರಬಹುದು.

ಆಮೇಲೆ ಸ್ಟಾರ್ಟ್ ಮಾಡು. ಆಕ್ಸಿಲರೇಟರ್ ತುಳಿಯಬೇಡ. ಬ್ರೇಕಿನ ಏರ್ ಟ್ಯಾಂಕಿಗೆ ಗಾಳಿ ತುಂಬುವವರೆಗೆ ಲೈಟು, ಇಂಡಿಕೇಟರ್, ವೈಪರ್ ನೋಡಿಕೋ. ಗಾಳಿ ಪೂರ್ತಿ ತುಂಬಿದ ಮೇಲೆ ಚಕ್ರಕ್ಕೆ ಅಡ್ಡ ಕೊಟ್ಟು, ಎಂಜಿನ್ ಆಫ್ ಮಾಡಿ, ಬ್ರೇಕ್ ಪೆಡಲ್ ತುಳಿದು ಹಿಡಿದುಕೋ. ಮೂರು ನಿಮಿಷ ಗಾಳಿ ಗೇಜಿನ ಮುಳ್ಳನ್ನೇ ನೋಡು. ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ. ಕ್ಲೀನರ್ ಕೆಳಗೆ ಕಿವಿಗೊಟ್ಟರೆ ಸುಯ್ ಅನ್ನುವ ಜಾಗ ಸಿಗುತ್ತದೆ.

ದಾರಿಯಲ್ಲಿ ಟೀಗೆ ನಿಂತಾಗ ಇನ್ನೊಂದು ಕೆಲಸ ಇದೆ. ಪ್ರತಿ ಹಬ್ ಹತ್ತಿರ ಅಂಗೈ ಹಿಂಭಾಗ ಒಯ್ದು ನೋಡು, ಮುಟ್ಟಬೇಡ. ಎಲ್ಲವೂ ಹೆಚ್ಚುಕಡಿಮೆ ಒಂದೇ ಬಿಸಿ ಇರಬೇಕು. ಒಂದು ಮಾತ್ರ ಕಾದಿದ್ದರೆ ಅಲ್ಲಿ ಬೇರಿಂಗ್ ಹೋಗುತ್ತಿದೆ, ಇಲ್ಲವೇ ಬ್ರೇಕ್ ಹಿಡಿದುಕೊಂಡಿದೆ.

ಒಂದು ನೋಟ್‌ಬುಕ್ ಕ್ಯಾಬಿನ್‌ನಲ್ಲಿ ಇಡು. ಕಂಡದ್ದನ್ನು ತಾರೀಖು, ಕಿಲೋಮೀಟರ್ ಸಮೇತ ಬರೆ. "ಎಡಗಡೆ ಹಿಂದಿನ ಹಬ್ ಸ್ವಲ್ಪ ಬಿಸಿ" ಅಂತ ಒಂದು ಸಾಲು ಸಾಕು. ಊರಿಗೆ ಬಂದಾಗ ಮೆಕ್ಯಾನಿಕ್ ಕೈಗೆ ಅದನ್ನೇ ಕೊಡು.

ಈಗ ನಿನ್ನ ಓನರ್‌ಗೆ. ಸ್ವಾಮಿ, ಹದಿನೈದು ನಿಮಿಷ ಅಂದರೆ ಹೈವೇಯಲ್ಲಿ ಹತ್ತು ಹನ್ನೆರಡು ಕಿಲೋಮೀಟರ್. ಹುಬ್ಬಳ್ಳಿ ಆಚೆ ರಾತ್ರಿ ಹೊತ್ತು ಒಂದು ಹಬ್ ಜಾಮ್ ಆದರೆ ಎರಡು ದಿನ ಹೋಗುತ್ತದೆ. ಜೊತೆಗೆ ಕ್ರೇನ್ ಖರ್ಚು, ಲೋಡ್ ಬದಲಿಸುವ ಖರ್ಚು. ನಿಮ್ಮ ಗಾಡಿಯನ್ನು ದಿನಾ ಮುಟ್ಟಿ ನೋಡುವವನು ಆ ಹುಡುಗ ಒಬ್ಬನೇ. ಬೆಳಿಗ್ಗೆ ಗಾಡಿ ನಿಂತಿದ್ದರೆ ಫೋನ್ ಮಾಡಿ, ಬೇಡ ಅನ್ನುವುದಿಲ್ಲ. ಆದರೆ "ಇವತ್ತು ಏನು ಕಂಡಿತಪ್ಪಾ" ಅಂತ ಕೇಳಿ.

ಪ್ರಶ್ನೆ: ಮೈಸೂರಿನಿಂದ ಕಲ್ಲಿಕೋಟೆಗೆ ತರಕಾರಿ ಲೋಡ್. ಬಂಡೀಪುರ ಗೇಟ್ ರಾತ್ರಿ 9ಕ್ಕೆ ಮುಚ್ಚುತ್ತದೆ, ಅದಕ್ಕೇ ಅವಸರದಲ್ಲಿ ಹೊರಡುತ್ತೇವೆ. ವೈತಿರಿ ಘಾಟ್ ಇಳಿಯುವಾಗ ಬ್ರೇಕ್ ಸುಟ್ಟ ವಾಸನೆ ಬರುತ್ತದೆ, ಕೆಳಗೆ ತಲುಪುವಾಗ ಪೆಡಲ್ ತುಳಿದರೂ ಗಾಡಿ ಸರಿಯಾಗಿ ಹಿಡಿಯುವುದಿಲ್ಲ. ತಣ್ಣಗಾದ ಮೇಲೆ ಸರಿಹೋಗುತ್ತದೆ. ಲೈನರ್ ಹೊಸದು.
ಒಬ್ಬ ಡ್ರೈವರ್, ನಂಜನಗೂಡು

ತಣ್ಣಗಾದ ಮೇಲೆ ಸರಿಹೋಗುತ್ತದೆ ಅಂತ ಬರೆದಿದ್ದೀರಿ. ಆ ಸಾಲು ಓದಿ ನನಗೆ ಹೆದರಿಕೆ ಆಯಿತು. ದಯವಿಟ್ಟು ಮುಂದಿನ ಟ್ರಿಪ್‌ಗೆ ಮೊದಲು ಗಾಡಿ ತೋರಿಸಿ.

ಆಗುತ್ತಿರುವುದು ಇಷ್ಟು. ನೀವು ಹೇಳುವ ವೈತಿರಿ ಘಾಟ್, ಅಂದರೆ ತಾಮರಶ್ಶೇರಿ ಚುರದಲ್ಲಿ 9 ಹೇರ್‌ಪಿನ್ ತಿರುವುಗಳಿವೆ. ಲೋಡ್ ಗಾಡಿಯನ್ನು ಬ್ರೇಕ್ ಮೇಲೆಯೇ ಇಳಿಸಿದರೆ ಡ್ರಮ್ ಕಾಯುತ್ತದೆ. ಕಾದ ಕಬ್ಬಿಣ ಹಿಗ್ಗುತ್ತದೆ. ಡ್ರಮ್ ಹಿಗ್ಗಿದಷ್ಟೂ ಲೈನರ್‌ನಿಂದ ದೂರ ಹೋಗುತ್ತದೆ. ಅಷ್ಟು ದೂರವನ್ನು ಬ್ರೇಕ್ ಚೇಂಬರ್‌ನ ರಾಡ್ ಜಾಸ್ತಿ ಚಾಚಿ ತುಂಬಬೇಕು. ಆ ಸಂದು ಸರಿಪಡಿಸುವ ಸ್ಲ್ಯಾಕ್ ಅಡ್ಜಸ್ಟರ್ ಸಡಿಲ ಇದ್ದರೆ ಆ ರಾಡ್ ಮೊದಲೇ ಮುಕ್ಕಾಲು ಪಾಲು ಚಾಚಿರುತ್ತದೆ. ಬಿಸಿಯಾದಾಗ ಚಾಚಲು ಜಾಗವೇ ಉಳಿಯುವುದಿಲ್ಲ. ಗೇಜ್‌ನಲ್ಲಿ ಗಾಳಿ ಪೂರ್ತಿ ತೋರಿಸುತ್ತದೆ, ಚಕ್ರ ಮಾತ್ರ ಹಿಡಿಯುವುದಿಲ್ಲ. ಲೈನರ್ ಹೊಸದಾದರೆ ಸಾಲದು. ಹೊಸ ಲೈನರ್ ಕೂತುಕೊಂಡ ಮೇಲೆ ಸಂದು ಜಾಸ್ತಿ ಆಗುತ್ತದೆ, ಆಗ ಮತ್ತೆ ಅಡ್ಜಸ್ಟ್ ನೋಡಬೇಕು.

ನೀವೇ ಪರೀಕ್ಷೆ ಮಾಡಬಹುದು. ಸಮ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಚಕ್ರಕ್ಕೆ ಗಟ್ಟಿಯಾಗಿ ಅಡ್ಡ ಕೊಟ್ಟು, ಪಾರ್ಕಿಂಗ್ ಬ್ರೇಕ್ ಬಿಡಿ. ಕೆಳಗೆ ಹೋಗಿ ಒಂದೊಂದು ಸ್ಲ್ಯಾಕ್ ಅಡ್ಜಸ್ಟರನ್ನೂ ಕೈಯಲ್ಲಿ ಜೋರಾಗಿ ಎಳೆಯಿರಿ. ರಾಡ್ ಕೂಡುವ ಜಾಗದಲ್ಲಿ ಒಂದು ಇಂಚಿಗಿಂತ ಜಾಸ್ತಿ ಬಂದರೆ ಅಡ್ಜಸ್ಟ್ ಬೇಕು. ಹೊಸ ಗಾಡಿಗಳಲ್ಲಿ ಅದು ತಾನಾಗಿಯೇ ಅಡ್ಜಸ್ಟ್ ಆಗುವಂಥದ್ದು. ಅದು ಸಡಿಲ ಕಂಡರೆ ಸುಮ್ನೆ ಪಾನಾ ಹಾಕಿ ತಿರುಗಿಸಬೇಡಿ. ಒಳಗೆ ಏನೋ ಸವೆದಿದೆ ಅಥವಾ ಬ್ರೇಕಿನ ಕ್ಯಾಮ್ ಶಾಫ್ಟ್ ಬುಷ್ ಹೋಗಿದೆ, ಅದನ್ನು ಹುಡುಕಿಸಿ.

ಏರ್ ಟ್ಯಾಂಕಿನ ನೀರನ್ನು ದಿನಾ ಬಿಡಿ. ಗಾಳಿಯಲ್ಲಿರುವ ತೇವವೇ ಟ್ಯಾಂಕಿನಲ್ಲಿ ನೀರಾಗಿ ಕೂರುತ್ತದೆ, ವಾಲ್ವ್‌ಗಳಿಗೆ ತುಕ್ಕು ಹಿಡಿಸುತ್ತದೆ. ಜಾಸ್ತಿ ನೀರು ಬಂದರೆ ಏರ್ ಡ್ರೈಯರ್‌ನ ಕಾರ್ಟ್ರಿಡ್ಜ್ ಬದಲಿಸುವ ಕಾಲ ಬಂದಿದೆ. ನೀರಿನ ಜೊತೆ ಎಣ್ಣೆಯೂ ಬಂದರೆ ಕಂಪ್ರೆಸರ್ ರಿಂಗ್ ಸವೆದಿದೆ.

ಇನ್ನು ಇಳಿಯುವ ರೀತಿ. ಘಾಟ್ ಶುರುವಾಗುವ ಮೊದಲೇ ಗೇರ್ ಇಳಿಸಿ. ಇಳಿಜಾರಿನ ಮಧ್ಯೆ ಗೇರ್ ಹುಡುಕಬಾರದು. ಎಕ್ಸಾಸ್ಟ್ ಬ್ರೇಕ್ ಹಾಕಿ, ಎಂಜಿನ್ನೇ ಗಾಡಿಯನ್ನು ಹಿಡಿಯಲಿ. ಪೆಡಲನ್ನು ಮೆತ್ತಗೆ ತುಳಿದುಕೊಂಡೇ ಇರಬೇಡಿ. ಒಂದು ಸಲ ಗಟ್ಟಿಯಾಗಿ ತುಳಿದು ವೇಗ ಇಳಿಸಿ, ಪೂರ್ತಿ ಬಿಡಿ, ಡ್ರಮ್ ಉಸಿರಾಡಲಿ. ಡೀಸೆಲ್ ಉಳಿಯುತ್ತದೆ ಅಂತ ನ್ಯೂಟ್ರಲ್ ಹಾಕುವವರು ಈಗಲೂ ಇದ್ದಾರೆ. ಈಗಿನ ಎಂಜಿನ್‌ಗಳು ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಡೀಸೆಲ್ಲನ್ನೇ ತೆಗೆದುಕೊಳ್ಳುವುದಿಲ್ಲ. ನ್ಯೂಟ್ರಲ್‌ನಲ್ಲೇ ಡೀಸೆಲ್ ಖರ್ಚು ಆಗುವುದು. ವಾಸನೆ ಬಂತು ಅಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಅಡ್ಡ ಕೊಟ್ಟು ತಣ್ಣಗಾಗಲು ಬಿಡಿ. ಕಾದ ಡ್ರಮ್ ಮೇಲೆ ನೀರು ಸುರಿಯಬೇಡಿ, ಬಿರುಕು ಬಿಡುತ್ತದೆ.

ನನ್ನ ಒಂದು ವಿಷಯ ಹೇಳಬೇಕು. ನನಗೆ ಆಗ 24 ವರ್ಷ. ಅಕ್ಕಿ ಲೋಡ್ ಆದ ಒಂದು ಲಾರಿ ಸಂಜೆ ಗ್ಯಾರೇಜಿಗೆ ಬಂತು. ಮಡಿಕೇರಿ ಮೇಲೆ ಮಂಗಳೂರಿಗೆ ಹೋಗಬೇಕಿತ್ತು. ನಾಲ್ಕು ಕಡೆಯ ಬ್ರೇಕ್ ಅಡ್ಜಸ್ಟ್ ಮಾಡಲು ನನಗೆ ಹೇಳಿದ್ದರು. ಎಡಗಡೆ ಹಿಂದಿನದು ತುಕ್ಕು ಹಿಡಿದು ತಿರುಗಲೇ ಇಲ್ಲ. ಕತ್ತಲಾಗಿತ್ತು. ಮೂರು ಆಗಿದೆಯಲ್ಲ, ಸಾಕು ಅಂತ ಬಿಟ್ಟೆ. ಯಾರಿಗೂ ಹೇಳಲಿಲ್ಲ. ಮಡಿಕೇರಿ ದಾಟಿ ಇಳಿಯುವಾಗ ಬ್ರೇಕ್ ಹಾಕಿದರೆ ಗಾಡಿ ಬಲಕ್ಕೆ ಎಳೆದು ಧರೆಗೆ ಹೊಡೆಯಿತು. ಡ್ರೈವರ್ ಮಂಡಿ ಮುರಿಯಿತು. ಆಸ್ಪತ್ರೆಗೆ ನೋಡಲು ಹೋದೆ. ಅವರು ನನ್ನನ್ನು ಬೈಯಲಿಲ್ಲ. "ಆ ಚಕ್ರದ್ದು ಆಗ್ಲಿಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕಾಗಿತ್ತಲ್ಲಪ್ಪಾ, ನಿಧಾನಕ್ಕೆ ಹೋಗ್ತಿದ್ದೆ" ಅಂದರು, ಅಷ್ಟೇ. ಅವರಿಗೆ ಈಗ ಎಪ್ಪತ್ತು ದಾಟಿದೆ. ಇವತ್ತಿಗೂ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಳ್ಳುತ್ತಾರೆ.

ಅಂದಿನಿಂದ ನನ್ನ ಗ್ಯಾರೇಜಿನಿಂದ ಹೊರಡುವ ಪ್ರತಿ ಗಾಡಿಗೂ ಒಂದು ಚೀಟಿ ಕೊಡುತ್ತೇನೆ. ಮಾಡಿದ ಕೆಲಸ ಒಂದು ಕಡೆ, ಆಗದೆ ಉಳಿದ ಕೆಲಸ ಇನ್ನೊಂದು ಕಡೆ. ನಿಮ್ಮ ಮೆಕ್ಯಾನಿಕ್ ಹತ್ತಿರವೂ ಅಂಥ ಚೀಟಿ ಕೇಳಿ.

ಗೇಟ್ ಬಗ್ಗೆ ಒಂದು ಮಾತು. 9ರ ಒಳಗೆ ದಾಟಲೇಬೇಕು ಅಂತ ಬ್ರೇಕ್ ನೋಡದೆ ಹೊರಡುವ ಬದಲು ಗುಂಡ್ಲುಪೇಟೆಯಲ್ಲಿ ಮಲಗಿ. ಬೆಳಿಗ್ಗೆ 6ಕ್ಕೆ ಗೇಟ್ ತೆಗೆಯುವ ಮೊದಲು ಹೇಗೂ ಸಾಲಿನಲ್ಲಿ ನಿಂತಿರುತ್ತೀರಿ. ಟ್ಯಾಂಕಿನ ನೀರು ಬಿಡಲು, ಚಕ್ರ ನೋಡಲು ಅದಕ್ಕಿಂತ ಒಳ್ಳೆ ಹೊತ್ತು ಸಿಗುವುದಿಲ್ಲ.

ಪ್ರಶ್ನೆ: ಅಣ್ಣಾ, ನಮ್ಮದು ಎರಡು ಲಾರಿ. ಒಂದನ್ನು ನಮ್ಮ ಮನೆಯವರು ಓಡಿಸುತ್ತಾರೆ, ಇನ್ನೊಂದಕ್ಕೆ ಡ್ರೈವರ್ ಇದ್ದಾರೆ. ಲೆಕ್ಕ ಬರೆಯುವುದು ನಾನು. ಡ್ರೈವರ್ ಓಡಿಸುವ ಗಾಡಿ ಮೊದಲು ಲೀಟರಿಗೆ 4 ಕಿ.ಮೀ. ಕೊಡುತ್ತಿತ್ತು. ಮೂರು ತಿಂಗಳಿಂದ 3.6ಕ್ಕೆ ಇಳಿದಿದೆ. ಡೀಸೆಲ್ ಕದಿಯುತ್ತಿದ್ದಾನೆ, ಬಿಡಿಸಿಬಿಡಿ ಅಂತ ನಮ್ಮ ಮೈದುನ ಹೇಳುತ್ತಾರೆ. ಅದೇ ಗಾಡಿಯ ಮುಂದಿನ ಟೈರ್‌ಗಳು ಒಂದೇ ಅಂಚಿನಲ್ಲಿ ಸವೆಯುತ್ತಿವೆ.
ಒಬ್ಬ ಗೃಹಿಣಿ, ಶ್ರೀರಂಗಪಟ್ಟಣ

ತಂಗಿ, ಡ್ರೈವರನ್ನು ಬಿಡಿಸುವ ಮೊದಲು ಗಾಡಿಯನ್ನು ಅಲೈನ್‌ಮೆಂಟ್‌ಗೆ ಕಳಿಸಿ. ನೀವು ಬೇರೆ ಬೇರೆ ಅಂತ ಬರೆದಿರುವ ಎರಡು ತೊಂದರೆ ಒಂದೇ ಇರಬಹುದು. ಮುಂದಿನ ಚಕ್ರಗಳು ಸ್ವಲ್ಪ ಸೊಟ್ಟ ನಿಂತಿದ್ದರೆ ಉರುಳುವ ಬದಲು ರಸ್ತೆಗೆ ಉಜ್ಜಿಕೊಂಡು ಹೋಗುತ್ತವೆ. ಟೈರಿನ ಅಂಚು ಸವೆಯುತ್ತದೆ, ಎಳೆಯಲು ಡೀಸೆಲ್ ಜಾಸ್ತಿ ಬೇಕಾಗುತ್ತದೆ. ಅಲೈನ್‌ಮೆಂಟ್ ಮಾಡಿಸುವ ಮೊದಲು ಮುಂದಿನ ಚಕ್ರ ತಿರುಗಿಸುವ ಕಿಂಗ್‌ಪಿನ್, ಟೈರಾಡ್ ತುದಿಗಳು ಅಲ್ಲಾಡುತ್ತವೆಯಾ ನೋಡಿಸಿ. ಅವು ಸಡಿಲ ಇದ್ದರೆ ಅಲೈನ್‌ಮೆಂಟ್ ಒಂದು ವಾರವೂ ನಿಲ್ಲುವುದಿಲ್ಲ.

ಆಮೇಲೆ ಏರ್ ಫಿಲ್ಟರ್. ಅದರ ಸೂಚಕದಲ್ಲಿ ಕೆಂಪು ಕಂಡರೆ ಬದಲಿಸಬೇಕು. ಕೆಲವರು ಫಿಲ್ಟರನ್ನು ಟೈರಿಗೆ ಬಡಿದು ದೂಳು ಕೊಡವುತ್ತಾರೆ. ಹಾಗೆ ಮಾಡಿದರೆ ಅಂಚು ಬಾಗಿ, ಆ ಸಂದಿಯಿಂದ ದೂಳು ನೇರ ಎಂಜಿನ್‌ಗೆ ಹೋಗುತ್ತದೆ. ಒಳಗಿನ ಚಿಕ್ಕ ಫಿಲ್ಟರನ್ನಂತೂ ಊದಿ ಸ್ವಚ್ಛ ಮಾಡುವುದೇ ಬೇಡ, ಅದು ಬದಲಿಸುವಂಥದ್ದು. ಗಾಡಿ ಎಲ್ಲಾದರೂ ಬ್ರೇಕ್ ಹಿಡಿದುಕೊಂಡು ಓಡುತ್ತಿದೆಯಾ ಅಂತಲೂ ನೋಡಿಸಿ, ಹಬ್ ಬಿಸಿಯಲ್ಲಿ ಗೊತ್ತಾಗುತ್ತದೆ. ಟೈರ್ ಗಾಳಿಯನ್ನು ತಣ್ಣಗಿರುವಾಗ ಅಳೆಯಬೇಕು. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಜಾಸ್ತಿ ತೋರಿಸುವುದು ಸಹಜ, ಆಗ ಗಾಳಿ ಬಿಟ್ಟರೆ ತಣ್ಣಗಾದ ಮೇಲೆ ಕಡಿಮೆ ಆಗಿಬಿಡುತ್ತದೆ. ಜೋಡಿ ಟೈರಿನಲ್ಲಿ ಒಂದಕ್ಕೆ ಗಾಳಿ ಕಡಿಮೆ ಇದ್ದರೆ ಪಕ್ಕದ್ದು ಎರಡರ ಭಾರ ಹೊರುತ್ತದೆ.

2023ರಲ್ಲಿ ಬೆಂಗಳೂರು ಹೈವೇ ಹೊಸದಾಗಿ ತೆರೆದ ಮೇಲೆ ನಮ್ಮ ಕಡೆಯ ಗಾಡಿಗಳ ಓಟವೂ ಬದಲಾಗಿದೆ. ಮದ್ದೂರು, ಮಂಡ್ಯ ಊರೊಳಗೆ ನಿಂತು ನಿಂತು ಹೋಗುತ್ತಿದ್ದವರು ಈಗ ಒಂದೇ ಸಮ ಓಡುತ್ತಾರೆ. ವೇಗ ಜಾಸ್ತಿ ಆದಂತೆ ಎದುರುಗಾಳಿಯ ತಡೆ ಬಲು ಬೇಗ ಏರುತ್ತದೆ. 60ರಲ್ಲಿ ಹೋಗುವುದಕ್ಕೂ 80ರಲ್ಲಿ ಹೋಗುವುದಕ್ಕೂ ಡೀಸೆಲ್‌ನಲ್ಲಿ ವ್ಯತ್ಯಾಸ ಇದ್ದೇ ಇದೆ. ದಾರಿ ಬದಲಾಗಿದೆಯಾ, ಲೋಡ್ ಬದಲಾಗಿದೆಯಾ, ಡ್ರೈವರನ್ನೇ ಕೇಳಿ.

ನಿಮ್ಮ ಲೆಕ್ಕದ ಪುಸ್ತಕದ ಬಗ್ಗೆ ಹೇಳದೆ ಇರಲಾರೆ. 4ರಿಂದ 3.6 ಅಂದರೆ ತಿಂಗಳಿಗೆ 8,000 ಕಿ.ಮೀ. ಓಡುವ ಗಾಡಿಗೆ 220 ಲೀಟರ್ ಜಾಸ್ತಿ. ಲೀಟರಿಗೆ 90 ರೂಪಾಯಿ ಅಂತ ಹಿಡಿದರೂ 20 ಸಾವಿರದ ಹತ್ತಿರ. ನೀವು ಬರೆದಿಡದಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಒಂದು ಮಾತ್ರ ಗಮನಿಸಿ, ಪ್ರತಿ ಸಲ ಟ್ಯಾಂಕ್ ಫುಲ್ ಮಾಡಿಸಿ, ಫುಲ್‌ನಿಂದ ಫುಲ್‌ಗೆ ಲೆಕ್ಕ ಹಾಕಿ, ಇಲ್ಲದಿದ್ದರೆ ತಪ್ಪು ಬರುತ್ತದೆ. ಇಷ್ಟೆಲ್ಲ ಸರಿ ಮಾಡಿಸಿದ ಮೇಲೂ 3.6 ಇದ್ದರೆ ಆಗ ಡ್ರೈವರ್ ಜೊತೆ ಕೂತು ಮಾತಾಡಿ. ಅಲ್ಲಿಯವರೆಗೆ ಅವರ ಮೇಲೆ ಕಳ್ಳತನ ಹೊರಿಸಬೇಡಿ.

ಪ್ರಶ್ನೆ: ಹೊಸ ಬಿಎಸ್-6 ಲಾರಿಗೆ ನೀಲಿ ಡಬ್ಬದ ಯೂರಿಯಾ ನೀರು ಹಾಕಬೇಕು. ಅದೂ ಯೂರಿಯಾನೇ ಅಲ್ವಾ? ಗದ್ದೆಗೆ ತಂದ ಮೂಟೆ ಮನೆಯಲ್ಲೇ ಇದೆ. ನೀರಲ್ಲಿ ಕರಗಿಸಿ ಹಾಕಬಹುದಾ?
ರೈತ, ಲಾರಿ ಮಾಲೀಕ, ಪಾಂಡವಪುರ

ಬೇಡವೇ ಬೇಡ. ಡಬ್ಬದಲ್ಲಿ ಬರುವುದು ಡಿಇಎಫ್. ನೂರಕ್ಕೆ ಶುದ್ಧ ಯೂರಿಯಾ 32.5 ಪಾಲು, ಉಳಿದದ್ದು ಖನಿಜ ತೆಗೆದ ನೀರು. ಹೊಗೆ ಕೊಳವೆಯ ಬಿಸಿಗೆ ಅದು ಅಮೋನಿಯಾ ಆಗಿ, ಹೊಗೆಯಲ್ಲಿರುವ ಸಾರಜನಕದ ವಿಷಾನಿಲವನ್ನು ಬರೀ ಸಾರಜನಕ ಮತ್ತು ನೀರಾಗಿ ಬದಲಿಸುತ್ತದೆ. ಗದ್ದೆಯ ಯೂರಿಯಾಗೆ 2015ರಿಂದ ಬೇವಿನ ಎಣ್ಣೆ ಲೇಪಿಸಿಯೇ ಕೊಡುತ್ತಾರೆ. ಬೆಳೆಗೆ ಅದು ಒಳ್ಳೆಯದು. ಲಾರಿಯಲ್ಲಿ ಆ ಎಣ್ಣೆ, ಬೇರೆ ಕಲ್ಮಶ, ಬೋರ್‌ವೆಲ್ ನೀರಿನ ಸುಣ್ಣ ಎಲ್ಲ ಸೇರಿ ಸಣ್ಣ ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ, ಒಳಗಿನ ಕ್ಯಾಟಲಿಸ್ಟ್ ಹಾಳಾಗುತ್ತದೆ. ಆಮೇಲೆ ಗಾಡಿ ತಾನೇ ಪವರ್ ಇಳಿಸಿಕೊಳ್ಳುತ್ತದೆ. ಸಬ್ಸಿಡಿ ಗೊಬ್ಬರವನ್ನು ಬೇರೆ ಕೆಲಸಕ್ಕೆ ಬಳಸುವುದು ಕಾನೂನಿಗೂ ವಿರುದ್ಧ.

100 ಲೀಟರ್ ಡೀಸೆಲ್‌ಗೆ ಡಿಇಎಫ್ ನಾಲ್ಕೈದು ಲೀಟರ್ ಬೇಕಾಗಬಹುದು. ಸೀಲ್ ಇರುವ ಡಬ್ಬವನ್ನೇ ಕೊಳ್ಳಿ, ಬಿಸಿಲಲ್ಲಿ ಇಡಬೇಡಿ. ಡೀಸೆಲ್ ಹಿಡಿದ ಲಾಳಿಕೆಯಲ್ಲಿ ಅದನ್ನು ಸುರಿಯಬೇಡಿ. ಅಕಸ್ಮಾತ್ ಡೀಸೆಲ್ ಟ್ಯಾಂಕಿಗೆ ಡಿಇಎಫ್ ಹಾಕಿಬಿಟ್ಟರೆ ಕೀ ಕೂಡ ತಿರುಗಿಸದೆ ಟ್ಯಾಂಕ್ ಇಳಿಸಿಸಿ.

ಅದೇ ಗಾಡಿಯಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಅಂತ ಇನ್ನೊಂದು ಇದೆ. ಅದು ಆಗಾಗ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ದೀಪ ಬಂದಾಗ ಎಂಜಿನ್ ಆಫ್ ಮಾಡದೆ ಹೈವೇಯಲ್ಲಿ ಒಂದೇ ಸಮ ಓಡಿಸಿ, ದೀಪ ಹೋಗುತ್ತದೆ. ನಿಂತೇ ಸುಡಿಸಬೇಕಾದರೆ ಬರೀ ನೆಲದ ಮೇಲೆ ನಿಲ್ಲಿಸಿ. ಆಗ ಸೈಲೆನ್ಸರ್ ಭಾಗ ಕೆಂಡದಷ್ಟು ಕಾಯುತ್ತದೆ. ನಿಮ್ಮ ಕಡೆ ಆಲೆಮನೆ ಪಕ್ಕ, ಕಬ್ಬಿನ ಗದ್ದೆ ಪಕ್ಕ ಒಣ ತರಗಿನ ಮೇಲೆ ಗಾಡಿ ನಿಲ್ಲಿಸುವುದು ರೂಢಿ. ಆ ಹೊತ್ತಿನಲ್ಲಿ ಅದು ಬೆಂಕಿಗೆ ದಾರಿ.

ಪ್ರಶ್ನೆ: ಮಂಡ್ಯದಿಂದ ಗುಜರಾತಿಗೆ ಬೆಲ್ಲದ ಲೋಡ್. ಕಂಪನಿ ಪುಸ್ತಕದಲ್ಲಿ ಆಯಿಲ್ 80 ಸಾವಿರ ಕಿ.ಮೀ.ಗೆ ಬದಲಿಸಿ ಅಂತಿದೆ. ನಮ್ಮ ಮೆಕ್ಯಾನಿಕ್ ಆಯಿಲ್ ಕಪ್ಪಾಗಿದೆ, 20 ಸಾವಿರಕ್ಕೇ ಬದಲಿಸಿ ಅನ್ನುತ್ತಾರೆ. ಯಾರ ಮಾತು ಕೇಳಲಿ?
ಲಾರಿ ಮಾಲೀಕರು, ಮಂಡ್ಯ

ಪುಸ್ತಕದ ಮಾತು ಕೇಳಿ, ಆದರೆ ಪೂರ್ತಿ ಓದಿ. ಆ ದೊಡ್ಡ ಅಂಕಿಯ ಜೊತೆಗೆ ಯಾವ ದರ್ಜೆಯ ಆಯಿಲ್, ಎಂಥ ಓಟ ಅಂತಲೂ ಬರೆದಿರುತ್ತಾರೆ. ಬಿಎಸ್-6 ಗಾಡಿಗೆ ಸಿಕೆ-4 ಅಂತ ಹೇಳಿದ್ದರೆ ಅದನ್ನೇ ಹಾಕಿ. ಹಳೇ ಸಿಐ-4 ಆಯಿಲ್ ಸುಟ್ಟಾಗ ಬೂದಿ ಜಾಸ್ತಿ, ಆ ಬೂದಿ ಡಿಪಿಎಫ್‌ನಲ್ಲಿ ಕೂತರೆ ಸುಟ್ಟುಹೋಗುವುದಿಲ್ಲ. ದೂಳಿನ ದಾರಿ, ಗಂಟೆಗಟ್ಟಲೆ ನಿಂತಲ್ಲೇ ಎಂಜಿನ್ ಆನ್, ಇದೆಲ್ಲ ಇದ್ದರೆ ಬೇಗ ಬದಲಿಸಬೇಕು. ಫಿಲ್ಟರ್ ಜೊತೆಗೇ ಬದಲಿಸಿ.

ಕಪ್ಪಾಗುವುದಕ್ಕೆ ಹೆದರಬೇಡಿ. ಡೀಸೆಲ್ ಎಂಜಿನ್ ಆಯಿಲ್ ಬೇಗ ಕಪ್ಪಾಗಲೇಬೇಕು. ಮಸಿಯನ್ನು ಎಂಜಿನ್‌ಗೆ ಅಂಟದಂತೆ ತನ್ನೊಳಗೆ ಹಿಡಿದುಕೊಳ್ಳುವುದೇ ಅದರ ಕೆಲಸ. ಹೆದರಬೇಕಾದ್ದು ಬೇರೆ. ಮಟ್ಟ ಕಡಿಮೆ ಆಗುವ ಬದಲು ಏರುತ್ತಿದ್ದರೆ ಡೀಸೆಲ್ ಸೇರುತ್ತಿದೆ, ಬೆರಳಲ್ಲಿ ಉಜ್ಜಿದರೆ ತೆಳ್ಳಗಿರುತ್ತದೆ. ಹಾಲು ಬೆರೆಸಿದ ಕಾಫಿ ಬಣ್ಣ ಬಂದರೆ ನೀರು ಸೇರಿದೆ. ಎರಡರಲ್ಲಿ ಯಾವುದು ಕಂಡರೂ ಗಾಡಿ ಓಡಿಸಬೇಡಿ.

ಪ್ರಶ್ನೆ: ಎಂಜಿನ್ ಬಿಸಿಯಾಗುತ್ತದೆ ಅಂತ ಥರ್ಮೋಸ್ಟಾಟ್ ವಾಲ್ವ್ ತೆಗೆಸಿದ್ದೇನೆ. ಈಗ ಮುಳ್ಳು ಮೇಲೇರುವುದೇ ಇಲ್ಲ. ಹೀಗೇ ಬಿಡಬಹುದಾ?
ಹೂಟಗಳ್ಳಿ, ಮೈಸೂರು

ವಾಪಸ್ ಹಾಕಿಸಿ. ಎಂಜಿನ್ 80 ಡಿಗ್ರಿ ಮೇಲೆ ಕೆಲಸ ಮಾಡುವಂತೆಯೇ ಮಾಡಿರುತ್ತಾರೆ. ತಣ್ಣಗೆ ಓಡಿದರೆ ಡೀಸೆಲ್ ಸರಿಯಾಗಿ ಉರಿಯುವುದಿಲ್ಲ, ಎಂಜಿನ್ ಒಳಗಿನ ಸಿಲಿಂಡರ್ ಲೈನರ್ ಬೇಗ ಸವೆಯುತ್ತದೆ. ಬಿಸಿಗೆ ಕಾರಣ ಬೇರೆ ಕಡೆ ಹುಡುಕಿ. ಮೊದಲು ರೇಡಿಯೇಟರ್ ಮುಖ ನೋಡಿ. ಕೊಯ್ಲಿನ ಕಾಲದಲ್ಲಿ ಭತ್ತದ ಹೊಟ್ಟು, ಕಬ್ಬಿನ ತರಗು ಅದಕ್ಕೆ ಚಾಪೆಯಂತೆ ಅಂಟಿರುತ್ತದೆ. ಎಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲಗೆ ನೀರು ಬಿಟ್ಟು ತೊಳೆಸಿ. ಫ್ಯಾನ್, ಬೆಲ್ಟ್, ರೇಡಿಯೇಟರ್ ಮುಚ್ಚಳ ನೋಡಿಸಿ.

ಕೂಲೆಂಟ್ ಕಡಿಮೆ ಆದಾಗ ಹೋಟೆಲಿನ ನಲ್ಲಿ ನೀರು ತುಂಬುವುದನ್ನು ಬಿಡಿ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಟೀ ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುವ ಹಾಗೆ ಒಳಗೂ ಕಟ್ಟುತ್ತದೆ. ಕೂಲೆಂಟ್ ಇಲ್ಲದ ಬರೀ ನೀರಿನಲ್ಲಿ ಸಿಲಿಂಡರ್ ಲೈನರ್ ಹೊರಮೈಗೆ ಸೂಜಿ ಚುಚ್ಚಿದಂಥ ತೂತು ಬೀಳುತ್ತವೆ. ಮತ್ತೆ ಒಂದು ಮಾತು. ಬಿಸಿ ಇರುವಾಗ ಮುಚ್ಚಳ ತೆಗೆಯಬೇಡಿ. ನನ್ನ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಅದರ ಗುರುತು ಇದೆ.

ಪ್ರಶ್ನೆ: ನಿಲ್ಲಿಸುವ ಮೊದಲು ಎಂಜಿನ್ ಎರಡು ನಿಮಿಷ ಓಡಿಸಬೇಕು ಅನ್ನುವುದು ನಿಜವಾ?
ಕೆ.ಆರ್. ಪೇಟೆ

ನಿಜ. ಎಂಜಿನ್‌ಗೆ ಗಾಳಿ ತಳ್ಳುವ ಟರ್ಬೋ ನಿಮಿಷಕ್ಕೆ ಲಕ್ಷದ ಹತ್ತಿರ ಸುತ್ತು ತಿರುಗುತ್ತಿರುತ್ತದೆ, ಅದರ ಬೇರಿಂಗ್‌ಗೆ ಎಣ್ಣೆ ಹೋಗುವುದು ಎಂಜಿನ್ ಓಡುವಾಗ ಮಾತ್ರ. ಏರು ಎಳೆದು ಬಂದು ತಕ್ಷಣ ಆಫ್ ಮಾಡಿದರೆ ಕಾದ ಟರ್ಬೋದಲ್ಲಿ ಉಳಿದ ಎಣ್ಣೆ ಸುಟ್ಟು ಕರಿಕಲಾಗುತ್ತದೆ. ಎರಡು ಮೂರು ನಿಮಿಷ ಸಾಕು. ಅರ್ಧ ಗಂಟೆ ಸುಮ್ನೆ ಓಡಿಸುವುದು ದಂಡ.

ಪ್ರಶ್ನೆ: ಆಯುಧಪೂಜೆಗೆ ಗಾಡಿ ವಾಟರ್ ಸರ್ವಿಸ್ ಮಾಡಿಸುತ್ತೇವೆ. ಏನಾದರೂ ಎಚ್ಚರಿಕೆ ಬೇಕಾ?
ನಾಗಮಂಗಲ

ಬೇಕು. ಜೋರು ನೀರನ್ನು ಹಬ್ ಸೀಲ್, ಪ್ರೊಪೆಲ್ಲರ್ ಶಾಫ್ಟ್ ಕೂಡುವ ಕ್ರಾಸ್, ಆಲ್ಟರ್ನೇಟರ್, ವೈರಿಂಗ್ ಕಪ್ಲರ್‌ಗಳ ಮೇಲೆ ನೇರವಾಗಿ ಹೊಡೆಯಬೇಡಿ ಅಂತ ತೊಳೆಯುವ ಹುಡುಗನಿಗೆ ಮೊದಲೇ ಹೇಳಿ. ನೀರು ಗ್ರೀಸನ್ನು ಒಳಗಿನಿಂದ ತಳ್ಳಿಬಿಡುತ್ತದೆ. ತೊಳೆದ ದಿನವೇ ಗ್ರೀಸ್ ಹೊಡೆಸಿ. ಕಿಂಗ್‌ಪಿನ್, ಸ್ಪ್ರಿಂಗ್ ಪಿನ್, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಬ್ರೇಕ್ ಕ್ಯಾಮ್ ಶಾಫ್ಟ್, ಒಂದನ್ನೂ ಬಿಡಬಾರದು. ಕಿಂಗ್‌ಪಿನ್, ಸ್ಪ್ರಿಂಗ್ ಪಿನ್, ಕ್ರಾಸ್‌ಗಳಲ್ಲಿ ಹಳೇ ಗ್ರೀಸ್ ಹೊರಗೆ ಬಂದು ಹೊಸದು ಕಾಣುವ ತನಕ ಹೊಡೆಯಬೇಕು. ಬ್ರೇಕ್ ಕ್ಯಾಮ್‌ಗೆ ಮಾತ್ರ ಅಳತೆ ಮೀರಬಾರದು, ಜಾಸ್ತಿಯಾದರೆ ಲೈನರ್‌ಗೆ ಹತ್ತುತ್ತದೆ. ನಿಪ್ಪಲ್ ಕಟ್ಟಿಕೊಂಡು ಗ್ರೀಸ್ ಹೋಗದಿದ್ದರೆ ಹೋಗಲಿಲ್ಲ ಅಂತ ನಿಮಗೆ ಹೇಳುವಂತೆ ಆ ಹುಡುಗನಿಗೆ ತಿಳಿಸಿ, ನಿಪ್ಪಲ್ ಬದಲಿಸಿ. ಬ್ರೇಕ್ ಡ್ರಮ್ ಒಳಗೆ ನೀರು ಹೋಗಿರುತ್ತದೆ, ಖಾಲಿ ರಸ್ತೆಯಲ್ಲಿ ನಿಧಾನವಾಗಿ ನಾಲ್ಕು ಸಲ ಬ್ರೇಕ್ ಹಾಕಿ ಒಣಗಿಸಿ. ಬಾಳೆಕಂದು, ಹೂವಿನ ಹಾರವನ್ನು ಗ್ರಿಲ್ ಪೂರ್ತಿ ಮುಚ್ಚುವಂತೆ ಕಟ್ಟಿಕೊಂಡು ಲೋಡ್‌ಗೆ ಹೊರಡಬೇಡಿ, ರೇಡಿಯೇಟರ್‌ಗೆ ಗಾಳಿ ಬೇಕು. ಒಡೆದ ಬೂದುಗುಂಬಳಕಾಯಿಯನ್ನು ರಸ್ತೆಯಿಂದ ಪಕ್ಕಕ್ಕೆ ಸರಿಸಿ, ಹಿಂದೆ ಬೈಕಿನವರು ಬರುತ್ತಿರುತ್ತಾರೆ.